ಗಂಗಕ್ಕನ ಸರತಿ

ಯಲ್ಲಾಪುರವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಎಲ್ ಹಾಕಬೇಕೋ ಎರಡೋ ಎಂಬ ಗೊಂದಲ ನನಗೆ ಈಗಲೂ ಇದೆ. ಬೋರ್ಡು ಬರೆಯುವವರಿಗೂ ಇದೆ. ಬಸ್ಸಿನ ಹಣೆಯ ಮೇಲೆ ಒಂದು ಎಲ್ ಕಡಿಮೆಯಾದರೆ ಯಾರೂ ದಾರಿ ತಪ್ಪುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಅಷ್ಟು ಔದಾರ್ಯವಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕಚೇರಿಯಿದ್ದ ಸಣ್ಣ ಪಾರ್ಸೆಲ್ ಸರ್ವಿಸ್ಸಿನವರು ನನ್ನನ್ನು ಕರೆಸಿದ್ದರು. ಅವರದೊಂದು ಮೆಸೇಜ್ ಬ್ರೋಕರ್ ಸರ್ವರ್. ಬ್ರೋಕರ್ ಎಂದರೆ ನಮ್ಮ ಕಡೆ ದಲ್ಲಾಳಿಯೇ ನೆನಪಾಗುತ್ತಾನೆ. ಇದು ಕಮಿಷನ್ ಕೇಳದ ದಲ್ಲಾಳಿ. ಒಂದು ಕಚೇರಿ ಕಳಿಸಿದ ಸಂದೇಶವನ್ನು ಇನ್ನೊಂದು ಕಚೇರಿ ತೆಗೆದುಕೊಳ್ಳುವ ತನಕ ಸರತಿಯಲ್ಲಿ ಕಾದಿಡುತ್ತದೆ. ಯಾರ ಸರತಿಗೆ ಯಾವ ಹೆಸರು ಎಂಬುದನ್ನು ಎನ್ವಿರಾನ್ಮೆಂಟ್ ವೇರಿಯೇಬಲ್ ಎಂಬ ಸಾಲುಗಳಲ್ಲಿ ಹೊರಗಿನಿಂದ ಹೇಳಿಕೊಡಬೇಕು, ಅಡುಗೆಯವರಿಗೆ ಊಟಕ್ಕೆ ಎಷ್ಟು ಜನವೆಂದು ಮೊದಲೇ ತಿಳಿಸಿದ ಹಾಗೆ.

ಎರಡು ತಿಂಗಳ ಹಿಂದೆ ಹೊಸ ಮಿಷನ್ ತಂದ ಮೇಲೆ ಯಲ್ಲಾಪುರಕ್ಕೆ ಯಾವ ಸಂದೇಶವೂ ಬರುತ್ತಿರಲಿಲ್ಲ. ಲಾರಿ ಸುದ್ದಿಯೆಲ್ಲ ಫೋನಿನಲ್ಲೇ. ಹುಡುಕಿದರೆ, ಉಳಿದವರು ಕಳಿಸುತ್ತಿದ್ದ ಸರತಿಯ ಹೆಸರಿನಲ್ಲಿ ಒಂದು ಎಲ್, ಯಲ್ಲಾಪುರ ಕಾಯುತ್ತಿದ್ದುದರಲ್ಲಿ ಎರಡು. ಅಲ್ಲಿನ ಕಚೇರಿ ನೋಡಿಕೊಳ್ಳುವ ಸಲೀಮನ ಎದುರಿಗೇ ಒಂದು ಎಲ್ ಅಳಿಸಿ, ಪ್ರೋಗ್ರಾಮನ್ನು ಮತ್ತೆ ಶುರುಮಾಡಿದೆ.

ಮಟಮಟ ಮಧ್ಯಾಹ್ನ. ಬಂದ ಸಂದೇಶವನ್ನು ಓದಿಹೇಳುವ ಸ್ಪೀಕರ್, ಏರಿಳಿತವಿಲ್ಲದ ಹೆಣ್ಣು ದನಿಯಲ್ಲಿ ಮಾತಾಡತೊಡಗಿತು. "ಶಿರಸಿ. ಲಾರಿ ಹೊರಟಿದೆ." ನಾನು ಗೆದ್ದವನ ಗತ್ತಿನಲ್ಲಿ ಚಹಾದ ಲೋಟ ಎತ್ತಿದೆ.

"ಸಿದ್ದಾಪುರ. ಗಂಗಕ್ಕ. ಎಂತ ಸಲೀಮಾ, ಇನ್ನೂ ಸಿಟ್ಟು ಇಳೀಲಿಲ್ವಾ?"

ಸಲೀಮ್ ಎದ್ದು ನಿಂತ. "ಗಂಗಕ್ಕ ತೀರ್ಕಂಡು ತಿಂಗಳಾತು ಸರ್. ಅವ್ರು ಹೋದ್ಮೇಲೆ ಅಲ್ಲಿ ಕಚೇರಿ ಬಾಗಿಲೇ ತೆಗ್ದಿಲ್ಲ."

ನನ್ನ ಕೈಯ ಲೋಟ ಅಲ್ಲೇ ನಿಂತಿತು. ಕಾರಣ ಗೊತ್ತಿದ್ದವನು ನಾನೊಬ್ಬನೇ. ಆದರೂ ಬಾಗಿಲ ಕಡೆ ತಿರುಗಿ ನೋಡಿದೆ. ದನಿ ಮುಂದುವರಿಯಿತು.

"ಅನಾನಸು ಹೋದ್ರೆ ಹೋಗ್ಲಿ ಮಾರಾಯ. ನಾಲ್ಕು ಜನರ ಎದುರು ಹಂಗೆ ಬೈಬಾರ್ದಾಗಿತ್ತು, ತಪ್ಪಾತು. ನಾಳೆ ದವಾಖಾನೆಗೆ ಹೋಗ್ತೆ. ಬಂದ್ಮೇಲೆ ಮಾತಾಡ್ವ."

ಸಲೀಮ್ ಕುಳಿತುಕೊಂಡು ನಡೆದದ್ದನ್ನು ಹೇಳಿದ.

ಬನವಾಸಿಯಿಂದ ಬಂದ ಅನಾನಸು ಸಲೀಮನ ಕಡೆ ಕೊಳೆತುಹೋಗಿತ್ತಂತೆ. ಸಿದ್ದಾಪುರದ ಕಚೇರಿ ನೋಡಿಕೊಳ್ಳುತ್ತಿದ್ದ, ಅವನಿಗೆ ಕೆಲಸ ಕಲಿಸಿದ ಗಂಗಕ್ಕನೇ ಡ್ರೈವರುಗಳ ಮುಂದೆ ಬೈದಿದ್ದರು. ಅವನು ಮಾತು ಬಿಟ್ಟ. ಆಕೆ ಕಾಯಿಲೆಯಿಂದ ಮಲಗಿದಾಗ ಆಸ್ಪತ್ರೆಯ ಗೇಟಿನ ತನಕ ಹೋಗಿ, ತನ್ನ ಮುಖ ನೋಡಿದರೆ ಆಕೆಗೆ ಇನ್ನಷ್ಟು ಬೇಸರವಾದೀತೆಂದು ವಾಪಸು ಬಂದಿದ್ದ.

ಆಕೆ ಬದುಕಿದ್ದಾಗ ಕಳಿಸಿದ ಸಂದೇಶ ತೆಗೆದುಕೊಳ್ಳುವವರಿಲ್ಲದೆ ಒಂದು ಎಲ್ಲಿನ ಸರತಿಯಲ್ಲೇ ಸಿಕ್ಕಿಕೊಂಡಿತ್ತೆಂದು ವಿವರಿಸಿದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಣ್ಣೊರೆಸಿಕೊಂಡು ಕೀಲಿಮಣೆ ಹತ್ತಿರ ಎಳೆದುಕೊಂಡ. "ಸಿಟ್ಟಿಲ್ಲ ಗಂಗಕ್ಕ" ಎಂದು ಹೊಡೆದು ಸಿದ್ದಾಪುರಕ್ಕೆ ಕಳಿಸಿದ.

"ಅಲ್ಲಿ ತಗೊಳ್ಳೋರು ಯಾರೂ ಇಲ್ಲವಲ್ಲ" ಎಂದೆ.

"ಇರ್ಲಿ ಸರ್. ಅವ್ರದ್ದು ನಂಗೆ ಬರ್ಲಿಲ್ವಾ?"

ಹಳೆಯ ಸಂದೇಶಗಳು ತಾವೇ ಅಳಿಯುವಂತೆ ಮಾಡಲು ಇನ್ನೊಂದು ಸಾಲು ಬರೆದರೆ ಸಾಕು. ಬರೆಯುವುದು ಶಿಸ್ತು ಕೂಡ. ನಾನು ಬರೆದಿಲ್ಲ. ಸಿದ್ದಾಪುರದ ಸರತಿಯ ಎದುರು ಪರದೆಯ ಮೇಲೆ, ಕಾದಿರುವ ಸಂದೇಶ 'ಒಂದು' ಎಂಬ ಅಂಕಿ ಹಾಗೇ ಇದೆ. ಸರ್ವರ್ ನೋಡಲು ಹೋದಾಗಲೆಲ್ಲ ಯಾರಾದರೂ ತೆಗೆದುಕೊಂಡು ಅದು ಸೊನ್ನೆಯಾಗಿದ್ದೀತೇ ಎಂದು ಮೊದಲು ಅಲ್ಲಿಗೇ ಕಣ್ಣು ಹಾಯಿಸುತ್ತೇನೆ. ಆಗಿದ್ದರೆ ಏನು ತಪ್ಪಾಯಿತೆಂದು ಹುಡುಕುವುದು ನನ್ನ ಕಸುಬು. ಆ ದಿನ ಮಾತ್ರ ಹುಡುಕಲಾರೆ ಅನ್ನಿಸುತ್ತದೆ.