ನನ್ನ ಕೈಕೆಳಗಿನವಳ ಪ್ರಶಸ್ತಿ

ಹದಿಹರೆಯದವರ ಆರೋಗ್ಯದ ಬಗ್ಗೆ ಶ್ರೇಷ್ಠ ಸಂಶೋಧನೆ ಮಾಡಿದ್ದಕ್ಕೆ ನಮ್ಮ ತಂಡದವರೊಬ್ಬರಿಗೆ ಪ್ರಶಸ್ತಿ ಬಂದಿದೆ ಎಂದು ಆಫೀಸಿನಿಂದ ಫೋನ್ ಬಂದಾಗ, ಅದು ನನಗೇ ಅಂದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಿಬಿಟ್ಟೆ. ಆ ಕಡೆಯವರು, "ಸಿಸ್ಟರ್ ಕೈಯಾಗ ಫೋನ್ ಕೊಡ್ರಿ ಮೇಡಮ್ಮರ, ಪ್ರಶಸ್ತಿ ಅಕಿದಲ್ಲೇನ್ರಿ" ಎಂದರು.

ನಾನು ಇಂಡಿ ತಾಲ್ಲೂಕಿನ ಶಾಲೆಗಳಿಗೆ ಹೋಗಿ ಮಕ್ಕಳ ತಪಾಸಣೆ ಮಾಡುವ ವೈದ್ಯೆ. ಅವಳು ಅದೇ ತಂಡದ ನರ್ಸ್, ಸಿಂದಗಿ ಕಡೆಯವಳು, ನನಗಿಂತ ತುಂಬ ಚಿಕ್ಕವಳು. ಎಂಟು ವರ್ಷ ಒಂದೇ ಜೀಪಿನಲ್ಲಿ ತಿರುಗಿದ್ದೇವೆ. ನಾನು ಮುಂದಿನ ಸೀಟಿನಲ್ಲಿ, ಅವಳು ಹಿಂದೆ ತೂಕದ ಯಂತ್ರ ಹಿಡಿದುಕೊಂಡು.

ಅವಳ ಸಂಶೋಧನೆ ಶುರುವಾದದ್ದು ನನ್ನ ಕಣ್ಣೆದುರಿಗೇ. ಹೈಸ್ಕೂಲಿನ ಹುಡುಗಿಯರು ತಲೆನೋವು, ತಲೆಸುತ್ತು, ಉರಿಮೂತ್ರ ಅಂತ ಬರುತ್ತಿದ್ದರು. ನಾನು ರೆಪ್ಪೆ ಎಳೆದು ನೋಡಿ ಮಾತ್ರೆ ಬರೆದು ಕಳಿಸುತ್ತಿದ್ದೆ. ಒಂದು ದಿನ ಅವಳು ಒಬ್ಬ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, "ಮುಂಜಾನಿಂದ ಎಷ್ಟ್ ಸರ್ತಿ ನೀರ್ ಕುಡದಿ ತಂಗಿ?" ಎಂದು ಕೇಳಿದಳು.

"ಸಾಲ್ಯಾಗ ಕುಡ್ಯಂಗಿಲ್ರಿ ಅಕ್ಕಾರ. ಕುಡದ್ರ ಹೊರಗ ಹೋಗ್ಬೇಕಾಗ್ತೈತಿ. ಅಲ್ಲಿ ಸಂಡಾಸದ ಬಾಗಲಕ್ಕ ಚಿಲಕಾ ಇಲ್ಲ."

ಅಂದಿನಿಂದ ಅವಳು ಪ್ರತಿ ಶಾಲೆಯಲ್ಲೂ ಅದನ್ನೇ ಕೇಳಿದಳು, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತಿಂಗಳ ಮುಟ್ಟಿನ ದಿನಗಳಲ್ಲಿ ಯಾರು ಶಾಲೆಗೇ ಬರುವುದಿಲ್ಲ ಎಂಬುದನ್ನೂ ಬರೆದಳು. ಇದರಿಂದ ನನಗೆ ಮುಂದಿನ ಶಾಲೆಗೆ ತಡವಾಗುತ್ತಿತ್ತು. "ನೀರ್ ಕುಡಿಯೂದೂ ಒಂದು ಸಂಶೋಧನಾ ಏನ?" ಎಂದು ಡ್ರೈವರನ ಮುಂದೆಯೇ ನಕ್ಕಿದ್ದೆ. ಆ ನೋಟ್‌ಬುಕ್ಕಿನ ಲೆಕ್ಕವನ್ನೆಲ್ಲ ಸೇರಿಸಿ ಲೇಖನ ಬರೆಯುವಾಗ ಅವಳು ಕೇಳಿದಳು: "ಮೇಡಮ್ಮರ, ನಿಮ್ಮ ಹೆಸರೂ ಹಾಕೂಣೇನ್ರಿ? ಒಮ್ಮೆ ಓದಿ ತಿದ್ದಿ ಕೊಟ್ರ ಸಾಕ್ರಿ." ನನಗೆ ಪುರುಸೊತ್ತಿಲ್ಲ ಎಂದೆ. ನಿಜ ಹೇಳಬೇಕೆಂದರೆ, ನರ್ಸೊಬ್ಬಳ ಹೆಸರಿನ ಕೆಳಗೆ ನನ್ನ ಹೆಸರು ಬರುವುದು ನನಗೆ ಬೇಡವಾಗಿತ್ತು.

ಪ್ರಶಸ್ತಿಯ ಸುದ್ದಿ ಬಂದ ಮೇಲೆ ನಾನು ಬೇರೆಯೇ ಹೆಂಗಸಾದೆ. ಹಲಸಂಗಿ ದಾರಿಯಲ್ಲಿ ಡ್ರೈವರ್ ಅವಳನ್ನು ಹೊಗಳಿದರೆ ಕಿಟಕಿ ಇಳಿಸಿ ಗಾಳಿಗೆ ಮುಖ ಒಡ್ಡುತ್ತಿದ್ದೆ. ಹೆಡ್‌ಮಾಸ್ತರರು ಅವಳಿಗೆ ಮೊದಲು ಚಹಾ ಕೊಟ್ಟರೆ, "ನನಗ ಬ್ಯಾಡ್ರಿ" ಎನ್ನುತ್ತಿದ್ದೆ. ಸಮಾರಂಭಕ್ಕೆ ಹೋಗಲು ಅವಳು ರಜೆಯ ಅರ್ಜಿ ಕೊಟ್ಟಳು. ಸಹಿ ಹಾಕುವುದು ಅರೆಗಳಿಗೆಯ ಕೆಲಸ. ಮೂರು ದಿನ ಅದನ್ನು ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ. ನಾಲ್ಕನೆಯ ದಿನ ಅವಳು ಎದುರಿಗೆ ನಿಂತಳು.

"ಸಹಿ ಮಾಡಂಗಿಲ್ಲಂದ್ರ ಹೇಳ್ಬಿಡ್ರಿ ಮೇಡಮ್ಮರ. ನಾ ಹೋಗೂದಿಲ್ಲ. ಪ್ರಶಸ್ತಿ ಅಂಚ್ಯಾಗ ಕಳಸ್ರಿ ಅಂತೇನಿ."

ಸಿಟ್ಟಿನಿಂದ ಹೇಳಿದ್ದರೆ ಜಗಳ ತೆಗೆಯಬಹುದಿತ್ತು. ಅವಳು ಸುಮ್ಮನೆ ಕಾಯುತ್ತಿದ್ದಳು. ಸಹಿ ಮಾಡಿದೆ. ಮೊಣಕಾಲು ನೋವೆಂದು ಹೇಳಿ ಸಮಾರಂಭಕ್ಕೆ ಹೋಗಲಿಲ್ಲ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅವಳ ಫೋಟೊ ದೊಡ್ಡದು ಮಾಡಿ ನೋಡಿದೆ. ಸೀರೆ ಚೆನ್ನಾಗಿರಲಿಲ್ಲ ಎನ್ನುವುದೊಂದೇ ನನಗೆ ಸಿಕ್ಕ ಸಮಾಧಾನ.

ಆಮೇಲೆ ಬಸವನ ಬಾಗೇವಾಡಿಯಲ್ಲಿ ತರಬೇತಿ ಏರ್ಪಾಡಾಯಿತು. ಮುದ್ದೇಬಿಹಾಳದಿಂದಲೂ ಸಿಂದಗಿಯಿಂದಲೂ ತಂಡಗಳು ಬಂದಿದ್ದವು. ಕಲಿಸುವವಳು ಅವಳು, ಕಲಿಯುವವರಲ್ಲಿ ನಾನೂ ಒಬ್ಬಳು. ಹುಡುಗಿಯರಿಗೆ ನಾಚಿಕೆಯಾಗದಂತೆ ಹೇಗೆ ಕೇಳಬೇಕು ಎಂಬುದನ್ನು ಇಬ್ಬಿಬ್ಬರು ಕೂತು ಅಭ್ಯಾಸ ಮಾಡಬೇಕಿತ್ತು. ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಅವಳೇ ಬಂದು ಕೂತಳು.

"ಕೇಳ್ರಿ ಮೇಡಮ್ಮರ. ನಾ ಒಂಬತ್ತನೇ ಕ್ಲಾಸಿನ ಹುಡುಗಿ ಅಂತ ತಿಳೀರಿ."

ಒಲ್ಲದ ಮನಸ್ಸಿನಿಂದ ಕೇಳಿದೆ: "ನೀರು ಯಾವಾಗ ಕುಡದಿ?"

"ಮುಂಜಾನಿ ಚಹಾ ಅಷ್ಟರಿ. ನಮ್ಮ ಸಾಲಿ ಹಿಂದ ಬಯಲೈತ್ರಿ, ಹುಡುಗ್ರು ಅಡ್ಡಾಡ್ತಾರ. ಒಮ್ಮೆ ಪ್ರಾರ್ಥನಾದಾಗ ತಲಿ ತಿರುಗಿ ಬಿದ್ದೆ. ಎಲ್ಲಾರೂ ಉಪಾಸ ಅದಾಳ ಅಂದ್ರು. ನಾ ಹೂಂ ಅಂದೆ."

ಅವಳು ಅಭಿನಯಿಸುತ್ತಿರಲಿಲ್ಲ. "ಇದು ನಿಂದೇನ?" ಎಂದೆ. ಹೌದೆಂದು ತಲೆಯಾಡಿಸಿದಳು. ಎಂಟು ವರ್ಷ ಒಂದೇ ಜೀಪು, ಒಂದೇ ಬುತ್ತಿ. ನಾನು ಅವಳನ್ನು ಏನನ್ನೂ ಕೇಳಿರಲಿಲ್ಲ.

"ಅರ್ಜಿ ನಾನ ಬೇಕಂತ ಇಟ್ಕೊಂಡಿದ್ದೆ" ಎಂದೆ.

"ಗೊತ್ತೈತ್ರಿ" ಎಂದಳು. ಎದ್ದು ಮುಂದಿನ ಜೋಡಿಯ ಹತ್ತಿರ ಹೋದಳು.

ಅವತ್ತೇ ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗ ಹಿಂದಿನ ಸೀಟಿನ ಕಡೆ ತಿರುಗಿ ಅವಳೊಡನೆ ಮಾತಾಡುತ್ತೇನೆ, ಹುಡುಗಿಯರನ್ನು ನಾನೂ ಕೇಳುತ್ತೇನೆ. ಆದರೆ ಅವರು ನನಗೆ ಉತ್ತರ ಕೊಡುವಾಗಲೂ ಕಣ್ಣು ಅವಳ ಕಡೆಗೇ ಹೋಗುತ್ತದೆ. ಅದು ನನಗೆ ಇನ್ನೂ ಚುಚ್ಚುತ್ತದೆ.