ದಂಡದ ಚೀಟಿಗೆ ತಾತನ ಹೆಸರು

ಸಿಂಚನಾ, ತೇಜು, ಮೊನ್ನೆ ಬೆಳಿಗ್ಗೆ ತೆಂಗಿನ ಮರಕ್ಕೆ ನಲ್ಲಿ ನೀರು ಬಿಟ್ಟು ಮರೆತೇಬಿಟ್ಟೆ. ನೀರು ಹೊಳೆನರಸೀಪುರದ ನಮ್ಮ ಬೀದಿಯುದ್ದಕ್ಕೂ ಹರಿಯುತ್ತಿದ್ದಾಗಲೇ ಪುರಸಭೆಯ ಹೆಂಗಸೊಬ್ಬಳು ದಂಡದ ಪುಸ್ತಕ ಹಿಡಿದು ಬಾಗಿಲಿಗೆ ಬಂದಳು.

"ನೀರು ಪೋಲು ಮಾಡಿದ್ರೆ ದಂಡ ಕಣಜ್ಜಿ. ನಲ್ಲಿ ಯಾರ ಎಸ್ರಲ್ಲೈತೆ?"

"ನಮ್ಮನೆಯೋರ ಎಸ್ರಲ್ಲಿ ಕಣವ್ವ."

"ನಮ್ಮನೆಯೋರು ಅಂತ ಬರ್ಕೊಂಡೋದ್ರೆ ನಮ್ ಸಾಹೇಬ್ರು ನಂಗೇ ದಂಡ ಆಕ್ತಾರೆ! ಎಸ್ರು ಏಳಜ್ಜಿ, ಇಲ್ದಿದ್ರೆ ನಲ್ಲಿ ಕಟ್ ಮಾಡ್ಬೇಕಾಯ್ತದೆ."

ಮದುವೆಯಾದಂದಿನಿಂದ ಗಂಡನ, ಅಂದರೆ ನಿಮ್ಮ ತಾತನ, ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ ನಾನು. ಅವರು ತೀರಿಹೋದ ಮೇಲೂ ಹೇಳಿರಲಿಲ್ಲ. ಪಕ್ಕದ ಮನೆಯವರಿಂದ ಹೇಳಿಸೋಣವೆಂದರೆ ಅವರ ಬಾಗಿಲಿಗೆ ಬೀಗ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ತಿಮ್ಮೇಗೌಡ್ರು" ಎಂದೆ.

"ಕೇಳಿಸ್ನಿಲ್ಲ, ಜೋರಾಗ್ ಏಳಜ್ಜಿ!"

ಸೆರಗು ತೆಗೆದು ಬೀದಿಗೆಲ್ಲ ಕೇಳುವಂತೆ ಹೇಳಿದೆ.

ತಪ್ಪು ನನ್ನದೇ, ದಂಡ ಕಟ್ಟಿದೆ, ನಲ್ಲಿ ಉಳಿಯಿತು. ಸಂಜೆ ದೀಪ ಹಚ್ಚಿದ ಮೇಲೆ, ಯಾರೂ ಕೇಳದಿದ್ದರೂ, ಆ ಹೆಸರನ್ನು ಇನ್ನೊಮ್ಮೆ ಹೇಳಿಕೊಂಡೆ. ಈಗ ಕೈಯಾರೆ ಬರೆದೂ ಇದ್ದೇನೆ. ಈ ಕಾಗದವನ್ನು ಜೋಪಾನವಾಗಿಟ್ಟುಕೊಳ್ಳಿ, ಮಕ್ಕಳೇ.