ಚಾಳಿನ ಬಾಗಿಲಿಗೆ ಡು ನಾಟ್ ಡಿಸ್ಟರ್ಬ್

ಮೊನ್ನೆ ಮೊಮ್ಮಗಳು ಹೊಸದಾಗಿ ಕಟ್ಟಿಕೊಂಡ ಗಂಡನನ್ನು ಕರೆದುಕೊಂಡು ಪವಾಯಿಯ ನಮ್ಮ ಫ್ಲಾಟಿಗೆ ಬಂದಳು. ಬಂದವಳೇ ಮೊಬೈಲಿನಲ್ಲಿ ಅರ್ಧಚಂದ್ರನ ಗುರುತೊಂದನ್ನು ಒತ್ತಿ, "ಇನ್ನು ಯಾರೂ ಡಿಸ್ಟರ್ಬ್ ಮಾಡಲ್ಲ ಅಜ್ಜಿ" ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಆ ಶಬ್ದ ಒಮ್ಮೆ ನನ್ನ ಮಾನ ಕಳೆದ ಕತೆ ಅವಳಿಗೇನು ಗೊತ್ತು? ನಿಮಗಾದರೂ ಹೇಳುತ್ತೇನೆ, ಕೂತ್ಕೊಳ್ಳಿ.

ಎಪ್ಪತ್ತರ ದಶಕದ ಆರಂಭ. ಉಡುಪಿ ಕಡೆಯಿಂದ ಮದುವೆಯಾಗಿ ಪರೇಲಿನ ಒಂದು ಚಾಳಿಗೆ, ಸಾಲುಕೋಣೆಗಳ ವಠಾರಕ್ಕೆ, ಬಂದಿದ್ದೆ. ಒಂದೇ ಕೋಣೆ, ಅದರಲ್ಲಿ ನಾನು, ಇವರು, ನಮ್ಮತ್ತೆ. ಇವರು ದೊಡ್ಡ ಹೋಟೆಲೊಂದರಲ್ಲಿ ರೂಮುಗಳಿಗೆ ಊಟ-ತಿಂಡಿ ಒಯ್ಯುವ ಕೆಲಸದಲ್ಲಿದ್ದರು. ಮನೆಗೆ ಬರುವಾಗ ಜೇಬಿನಲ್ಲಿ ಸಕ್ಕರೆ ಕ್ಯೂಬು, ನಾಲಿಗೆಯಲ್ಲಿ ಇಂಗ್ಲಿಷು. ಪೀಸ್, ಸೈಲೆನ್ಸ್, ರಿಲ್ಯಾಕ್ಸ್, ಪ್ರೈವಸಿ. ಸಕ್ಕರೆಯಾದರೂ ಚಹಕ್ಕಾಗುತ್ತಿತ್ತು. ಈ ಶಬ್ದಗಳನ್ನು ಇಡುವುದೆಲ್ಲಿ? ಕೆಳಗೆ ನಲ್ಲಿಯ ಜಗಳ, ಪಕ್ಕದಲ್ಲಿ ರೇಡಿಯೋ, ಪಾಳಿ ಪಾಳಿಗೆ ಕೂಗುವ ಮಿಲ್ಲಿನ ಭೋಂಗಾ.

ಅತ್ತೆಯ ಎದುರು ಗಂಡನ ಜೊತೆ ಗಟ್ಟಿಯಾಗಿ ಮಾತಾಡುವುದುಂಟೇ? ಉಪ್ಪು ಬೇಕಾ ಅನ್ನುವುದೂ ಪಿಸುಮಾತೇ. ಒಂದು ಮಳೆಗಾಲ ಕಳೆದರೂ ಗಂಡನ ನಿಜವಾದ ದನಿ ಹೇಗಿದೆಯೆಂದು ನನಗೆ ಗೊತ್ತಿರಲಿಲ್ಲ ಮಾರಾಯ್ರೆ! ಒಂದು ಮಧ್ಯಾಹ್ನ ಇಬ್ಬರೇ ಕೂತು ಗಟ್ಟಿಯಾಗಿ ಮಾತಾಡಬೇಕು, ಬಾಯಿಬಿಟ್ಟು ನಗಬೇಕು, ಅಷ್ಟೇ ನನ್ನ ಆಸೆ. ನಿಮಗೆ ಬೇರೇನಾದರೂ ಹೊಳೆದಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಅತ್ತೆ ಶನಿವಾರ ಮಾಟುಂಗಾಕ್ಕೆ ಭಜನೆಗೆ ಹೋಗುತ್ತಿದ್ದರು. ಇವರ ರಜೆ ಕೊನೆಗೂ ಶನಿವಾರಕ್ಕೆ ಬಂತು. ಬಾಗಿಲು ಮುಚ್ಚಿದೆವು. ಹೊರಗಿನ ಚಿಲಕಕ್ಕೆ ಹೋಟೆಲಿನಿಂದ ತಂದ ರಟ್ಟಿನ ಬೋರ್ಡು: ಡು ನಾಟ್ ಡಿಸ್ಟರ್ಬ್. ಅಂಚು ಹರಿಯಿತೆಂದು ಎಸೆದಿದ್ದರಂತೆ. ಹಾಗೆಂದು ಇವರು ಹೇಳಿದ್ದು. "ಇದು ಹಾಕಿದ್ರೆ ಮಿನಿಸ್ಟ್ರು ಸಹ ಬಾಗಿಲು ತಟ್ಟೂದಿಲ್ಲ, ಗೊತ್ತುಂಟಾ?"

ಹೋಟೆಲಿಗೆ ಅದು ಸರಿ. ಚಾಳಿನಲ್ಲಿ ಹಗಲು ಬಾಗಿಲು ಮುಚ್ಚುವ ಪದ್ಧತಿಯೇ ಇಲ್ಲ. ಬೆಳಿಗ್ಗೆ ತೆರೆದದ್ದು ಮಲಗುವಾಗಲೇ ಮುಚ್ಚುವುದು. ನಡುವೆ ಮುಚ್ಚಿತೆಂದರೆ ಒಳಗೆ ಯಾರೋ ತೀರಿಕೊಂಡರು, ಇಲ್ಲವೇ ಹೊಡೆದಾಟ. ಆಸೆಯ ಭರದಲ್ಲಿ ಇದನ್ನು ನಾನು ಮರೆತೇಬಿಟ್ಟಿದ್ದೆ.

ಇವರು ಗಂಟಲು ಸರಿಮಾಡಿಕೊಂಡು, "ಏನು ಹೇಳ್ಲಿ?" ಅಂದರಷ್ಟೇ, ಹೊರಗೆ ಗುಸುಗುಸು. ಮೂಲೆಮನೆಯ ಜೋಶಿ ಕಾಕಾ ಬೋರ್ಡು ಓದಿ, "ಲಿಖಾ ಹೈ, ತಕಲೀಫ್ ಮತ್ ದೋ" ಎಂದು ಎಲ್ಲರಿಗೂ ಅರ್ಥ ಹೇಳುತ್ತಿದ್ದರು. ಅರ್ಥವೇನೋ ಸರಿಯೇ. ಆದರೆ ತೊಂದರೆ ಕೊಡಬೇಡಿ ಎಂದು ಬರೆದು ಹಾಕಬೇಕಾದರೆ ಯಾರೋ ಕೊಟ್ಟಿರಲೇಬೇಕಲ್ಲ! ಪಕ್ಕದ ಕೋಣೆಯ ಬಿಜಾಪುರದ ಗಂಗವ್ವ ಬಾಗಿಲನ್ನು ಧಡಧಡ ಬಡಿದಳು.

"ಯಾರು ತ್ರಾಸ ಕೊಟ್ಟಾರವ್ವಾ ನಿನಗ? ಅತ್ತಿನೋ, ಗಂಡನೋ? ಬಾಗಲಾ ತಗಿ, ನಾ ಅದೀನಿ!"

ತೆರೆದೆ. ಕೋಣೆಗಳ ಮುಂದಿನ ಗ್ಯಾಲರಿ ತುಂಬ ಜನ. "ಕಾಯ್ ಝಾಲಂ?" ಎಂದು, ಏನಾಯಿತೆಂದು ಕೇಳುತ್ತ ಒಬ್ಬಳು ನೀರು ತಂದಳು, ಇನ್ನೊಬ್ಬಳು ಮೂಸಿಸಲು ಈರುಳ್ಳಿ. ಗಂಗವ್ವ ನನ್ನನ್ನು ಬಗಲಿಗೆ ಎಳೆದುಕೊಂಡು ಇವರನ್ನು ದುರುಗುಟ್ಟಿ ನೋಡಿದಳು. ಇವರು ಗೋಡೆಗಂಟಿ ನಿಂತು "ರಿಲ್ಯಾಕ್ಸ್, ರಿಲ್ಯಾಕ್ಸ್" ಅನ್ನುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಮೆಟ್ಟಿಲ ತುದಿಯಲ್ಲಿ, ಅಂದು ಭಜನೆಯಿಲ್ಲವೆಂದು ತಿರುಗಿ ಬಂದ ಅತ್ತೆ!

ಅತ್ತೆ ಗುಂಪು ನೋಡಿದರು, ಬೋರ್ಡು ನೋಡಿದರು, ನನ್ನ ಮುಡಿಯ ಹೂ ನೋಡಿದರು. ಸೀದಾ ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿಕೊಟ್ಟರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಮುಂದೆ ಇವರಿಗೆ ರಜೆ ಸಿಕ್ಕ ಶನಿವಾರ ಅತ್ತೆ ಭಜನೆಗೆ ಹೊರಡಲೇ ಇಲ್ಲ. ನನ್ನ ಜೀವ ಬಾಡಿಹೋಯಿತು. ಊಟವಾದ ಮೇಲೆ ಮಣೆ, ಮೊರ, ಅಕ್ಕಿ ಎತ್ತಿಕೊಂಡು ಗ್ಯಾಲರಿಗೆ ಹೋದರು. ಬಾಗಿಲನ್ನು ತಾವೇ ಎಳೆದುಕೊಂಡು, ಅದಕ್ಕೆ ಬೆನ್ನುಕೊಟ್ಟು ಕೂತರು. ಬಂದವರಿಗೆಲ್ಲ ಒಂದೇ ಉತ್ತರ: "ಒಳಗೆ ಸೊಸೆಗೆ ತಲೆನೋವು ಮಾರಾಯ್ತಿ, ಇಲ್ಲೇ ಕೂತ್ಕೋ." ಹೊಸ್ತಿಲಲ್ಲಿ ಅತ್ತೆಯೇ ಕೂತಿರುವಾಗ ಯಾರಿಗೇನು ಸಂಶಯ? ಒಳಗೆ ಇವರು ಹೋಟೆಲಿನ ಸಾಹೇಬರನ್ನೆಲ್ಲ ಅಣಕಿಸಿ ತೋರಿಸಿದರು. ದಪ್ಪ ದನಿ ನಮ್ಮವರದ್ದು! ತಲೆನೋವಿನ ಸೊಸೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ನನ್ನ ನಗು ಏರಿದಂತೆಲ್ಲ ಹೊರಗೆ ಮೊರದ ಸದ್ದೂ ಏರುತ್ತಿತ್ತು.

ಈಗ ಅತ್ತೆಯೂ ಇಲ್ಲ, ಇವರೂ ಇಲ್ಲ. ಆ ದನಿ ನೆನಪಾದರೆ ಅಳು ಬರುತ್ತದೆ. ಪವಾಯಿಯಲ್ಲಿ ಬಾಗಿಲು ಸದಾ ಮುಚ್ಚಿಯೇ ಇರುತ್ತದೆ, ಆದರೆ ಕಾಲಿಂಗ್ ಬೆಲ್ಲಿಗೆ ಚಂದ್ರನ ಗುರುತಿಲ್ಲವಲ್ಲ. ಮೊನ್ನೆ ಕೊರಿಯರಿನವನು ಬಂದ, ಇಸ್ತ್ರಿಯವನು ಬಂದ. ಮೊಮ್ಮಗಳ ಮುಖ ಸಣ್ಣದಾದದ್ದು ಕಂಡೆ. ಕುರ್ಚಿ, ಒಂದಿಷ್ಟು ಬೆಳ್ಳುಳ್ಳಿ ತೆಗೆದುಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ.

ಲಿಫ್ಟಿನಿಂದ ಇಳಿದ ಪಕ್ಕದ ಫ್ಲಾಟಿನಾಕೆ, "ಆಂಟಿ, ಬಾಹರ್ ಕ್ಯೋಂ?" ಎಂದು ಹೊರಗೆ ಕೂತದ್ದೇಕೆಂದು ಕೇಳಿದಳು. ಒಳಗೆ ಮೊಮ್ಮಗಳಿಗೆ ತಲೆನೋವು ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿದೆ. ಅಷ್ಟರಲ್ಲಿ ಒಳಗಿಂದ ಅವಳ ನಗು ಜೋರಾಗಿ ಕೇಳಿಸಿತು. ಬೆಳ್ಳುಳ್ಳಿ ಸದ್ದು ಮಾಡುವುದಿಲ್ಲ, ಮೊರವಂತೂ ಮನೆಯಲ್ಲೇ ಇಲ್ಲ. ಗಟ್ಟಿಯಾಗಿ ಕೆಮ್ಮಿದೆ.